ಮಗಳ ನಿಂಬೆಗಿಡ

ಮಗಳನ್ನು ಮಣ್ಣು ಮಾಡಿದ ಜಾಗದಲ್ಲಿ ಸಾವಂತ್ರೆವ್ವ ನೆಟ್ಟಿದ್ದ ನಿಂಬೆಗಿಡ ಸೊರಗುತ್ತಿತ್ತು. ತೋಟಗಾರಿಕೆ ಇಲಾಖೆಯ ಸಾಹೇಬರು ಬುಡ ಕೆದರಿದರೆ ಬೇರು ಕೊಳೆತು ನಾರುತ್ತಿತ್ತು.

“ರೋಗ ಬಂದ್ರ ಎಲಿ ತಾನ ಉದುರಿ ಗಿಡ ಉಳಿಸ್ತದ, ತೊಗಟಿ ಅಂಟು ಸುರಿಸಿ ಗಾಯ ಮುಚ್ಕೋತದ. ಬೇರೂ ಬಡಿದಾಡ್ತದವ್ವಾ, ಆದ್ರ ದಿನಾ ನೀರಾಗ ನಿಂತ್ರ ಸೋತು ಹೋಗ್ತದ. ಎಷ್ಟು ನೀರು ಹಾಕ್ತಿ?”

“ಮುಂಜಾನೆ ಒಂದ ಕೊಡ ಹಾಕ್ತೀನ್ರಿ, ಇವರು ಹೊಲಕ್ಕ ಹೋದ ಮ್ಯಾಲ.”

“ಒಂದ ಕೊಡಕ್ಕ ಹಿಂಗ ಕೊಳೆಯೂದಿಲ್ಲ.”

ಅವಳು ಪಕ್ಕದಲ್ಲಿ ನಿಂತಿದ್ದ ಗಂಡನ ಕಡೆ ನೋಡಿದಳು. ಮಗಳು ಹೋದಂದಿನಿಂದ ಅವನು ಒಂದು ಹನಿ ಕಣ್ಣೀರು ಹಾಕಿದ್ದನ್ನಾಗಲಿ, ಈ ಗಿಡದ ಹತ್ತಿರ ಸುಳಿದದ್ದನ್ನಾಗಲಿ ಅವಳು ಕಂಡಿರಲಿಲ್ಲ. ಕಲ್ಲೆದೆಯವನೆಂದು ಬೈದದ್ದೂ ಉಂಟು.

ಅವನು ತಲೆ ತಗ್ಗಿಸಿದ.

“ಸಂಜೀಕ, ನೀ ಒಲಿ ಮುಂದ ಕೂತಾಗ, ನಾನೂ ಒಂದು ಕೊಡ ಹಾಕ್ತಿದ್ದೆ.”