ಚೀಲದ ತೂಕ
ತೂಗುವ ಕೊಕ್ಕೆಗೆ ಸಿಕ್ಕಿಸಿದ ಚೀಲ ಐದು ಕಿಲೋ ಇನ್ನೂರು ಗ್ರಾಂ ತೋರಿಸಿದ್ದೇ ತಡ, ಅಪ್ಪನ ಪಿತ್ತ ನೆತ್ತಿಗೇರಿತು. "ನೂರು ಸಲ ಹೇಳಿದೀನಿ, ನಮ್ಮಿಬ್ಬರದೂ ಸೇರಿ ಐದು ಕಿಲೋ ಮೀರಬಾರದು ಅಂತ. ನಾಳೆ ಸವಾರಿಲಿ ಇದನ್ನ ಹೊರೋದು ಲಾರಿಯಲ್ಲ, ನಾನು ಕೂರೋ ಕುದುರೆ!" ಮಗಳು ಒಂದು ಟವೆಲ್ ಹೊರಗೆ ತೆಗೆದಳು.

ಅಷ್ಟರಲ್ಲಿ ಕುದುರೆ ಲಾಯದ ಯಜಮಾನಿಯ ಧ್ವನಿಸಂದೇಶ ಬಂತು, ಜೊತೆಗೊಂದು ಬೂದು ಕುದುರೆಯ ಫೋಟೊ. "ಸರ್, ನಿಮಗೆ ಇವಳೇ. ಅಜ್ಜಿ ಅಂತೀವಿ. ಬೆನ್ನು ಸೂಕ್ಷ್ಮ, ಎಂಬತ್ತು ಕಿಲೋ ದಾಟಿದವರನ್ನ ಕೂರಿಸಲ್ಲ. ನೀವು ಫಾರಂನಲ್ಲಿ ಎಪ್ಪತ್ತೆಂಟು ಅಂತ ಬರೆದಿದ್ದೀರಲ್ಲ, ಅದಕ್ಕೇ ಕೊಟ್ಟೆ."

ಎಪ್ಪತ್ತೆಂಟು ಅವನು ಮದುವೆಯಾದಾಗಿನ ತೂಕ. ಈಗ ನೂರಕ್ಕೆ ಎರಡೇ ಕಮ್ಮಿ. ಫಾರಂ ತುಂಬುವಾಗ ಅವನ ಆಫೀಸಿನ ಸಹೋದ್ಯೋಗಿಗಳು ಪಕ್ಕದಲ್ಲೇ ನಿಂತಿದ್ದರು, ಕೈ ತಾನಾಗಿಯೇ ಬರೆದುಬಿಟ್ಟಿತ್ತು. ಫೋಟೊದಲ್ಲಿ ಅಜ್ಜಿಯ ಬೆನ್ನು ಹಳೇ ಮಂಚದಂತೆ ನಡುವೆ ಜಗ್ಗಿತ್ತು. ಅವನು ಫೋನನ್ನು ಬೋರಲು ಹಾಕಿದ.

ಮಗಳು ಅದನ್ನು ಮತ್ತೆ ತಿರುಗಿಸಿ ನೋಡಿದಳು. "ಅಯ್ಯೋ ಪಾಪ!" ಎಂದವಳೇ ಚೀಲದ ತಳಕ್ಕೆ ಕೈಹಾಕಿ, ಒಂದು ರಾತ್ರಿಯೂ ಬಿಟ್ಟು ಮಲಗದ ತನ್ನ ಬಟ್ಟೆಯ ಮೊಲವನ್ನು ಎಳೆದು ಅವನ ಕೈಗಿತ್ತಳು.

"ಇದೂ ಬೇಡಪ್ಪಾ. ಅಜ್ಜಿಗೆ ಭಾರ ಆಗುತ್ತೆ."