ದೋಣಿಯ ಹಿಂದಿನ ಪೀಠ

ಈಗಲೂ ವಾರ್ನಿಷ್ ವಾಸನೆ ಬಂದರೆ ಕೆಂಗೇರಿ ಕೆರೆಯ ಆ ಮಧ್ಯಾಹ್ನ ನೆನಪಾಗುತ್ತದೆ. ಏನನ್ನಾದರೂ ಕೀಳಹೊರಟವರಿಗೆ, ಮೊದಲು ಅದರ ಅಡಿಯಲ್ಲಿ ಜಾಗವಿದೆಯೇ ನೋಡಿ ಎನ್ನುತ್ತೇನೆ.

ಸಾಹುಕಾರರ ವಿಹಾರದ ದೋಣಿಯಲ್ಲಿ ಬುತ್ತಿ, ಜಮಖಾನ, ಗ್ರಾಮಫೋನ್ ಇಡಲು ಜಾಗವಿರಲಿಲ್ಲ. ಬಡಗಿಯಾದ ಅಪ್ಪ ಬೆಳಗಿನಿಂದ ಮುಂದಿನ ಪೀಠಗಳ ಅಡಿಗೆಲ್ಲ ಪೆಟ್ಟಿಗೆ ಕೂಡಿಸಿ, ವಾರ್ನಿಷ್ ಬಳಿದು ಸುಸ್ತಾಗಿದ್ದರು. ಆದರೂ ಜಾಗ ಸಾಲಲಿಲ್ಲ.

"ಹಿಂದಿರೋ ಅಮ್ಮನ ಪೀಠ ಕಿತ್ತಾಕಯ್ಯ. ವಯಸ್ಸಾಯ್ತು, ಇನ್ಮೇಲೆ ಮನೇಲಿರ್ಲಿ," ಎಂದರು ಸಾಹುಕಾರರು.

ದಡದಲ್ಲಿ ಅವರ ತಾಯಿ ಎಲೆಅಡಿಕೆ ಚೀಲ ಬಿಗಿಹಿಡಿದು ನಿಂತಿದ್ದರು.

ಅಪ್ಪ ಒಮ್ಮೆ ಅತ್ತ ನೋಡಿದರು. "ಅದು ಕಿತ್ರೆ ದೋಣಿ ವಾಲುತ್ತೆ ಸ್ವಾಮಿ. ಅದರಡೀಗೂ ಪೆಟ್ಟಿಗೆ ಮಾಡ್ಕೊಡ್ತೀನಿ."

ಸಾಹುಕಾರರು ಒಪ್ಪಿದರು. ಅಪ್ಪ ನಿಟ್ಟುಸಿರಿಟ್ಟು ಮತ್ತೆ ಉಳಿ ಹಿಡಿದರು.

ಮನೆಗೆ ನಡೆಯುವಾಗ ಕೇಳಿದೆ, "ನಿಜವಾಗ್ಲೂ ವಾಲ್ತಿತ್ತಾ ಅಪ್ಪ?"

"ಇಲ್ಲ ಕಣೇ," ಎಂದು ಉಳಿಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಬೇರೆ ಏನು ಹೇಳಿದ್ರೂ ಅವ್ರು ಕೇಳ್ತಿರ್ಲಿಲ್ಲ."