ಪಳಗಿದ ಕೈ

"ಗಾಡಿ ಕೆಟ್ಟಿಲ್ಲ ಕಣೇ, ನಿನ್ನ ಕೈ ಸರಿಯಿಲ್ಲ. ಮೊದಲು ಹೋಗಿ ಆ ಗೇಟು ಹಾಕ್ಕೊಂಡು ಬಾ, ನಾಯಿ ನುಗ್ಗುತ್ತೆ."

"ಹಾಕ್ತೀನಿ. ಆದ್ರೆ ನೀವು ತಿರುಗಿಸೋದೂ ಅದೇ ಕೀ, ನಾನು ತಿರುಗಿಸೋದೂ ಅದೇ ಕೀ. ಅದರಲ್ಲಿ ನನ್ನ ಕೈ ಏನು ಪಾಪ ಮಾಡ್ತು, ಹೇಳಿ ಭಾವ."

"ಇಪ್ಪತ್ತೆರಡು ವರ್ಷ ಪಳಗಿದ ಕೈ ಇದು. ತನ್ನ ಯಜಮಾನ ಯಾರು ಅಂತ ಗಾಡಿಗೆ ಗೊತ್ತು."

ಅವಳು ಗೇಟು ಹಾಕಿ ಬಂದಳು. ಆಟದ ಮೈದಾನದ ಶೆಡ್ಡಿನಲ್ಲಿ ಮೂರು ದಿನದಿಂದ ಇದೇ ರಗಳೆ. ಅಕ್ಕನ ಗಂಡ ಹತ್ತಿ ಕೂತರೆ ಹುಲ್ಲು ಕತ್ತರಿಸುವ ಗಾಡಿ ಒಂದೇ ಏಟಿಗೆ ಗುರ್ ಎನ್ನುತ್ತಿತ್ತು. ಅವಳು ಕೂತರೆ ಕಲ್ಲು. ಪ್ಲಗ್ ಬಿಚ್ಚಿ ಉಜ್ಜಿದಳು, ಹಳೇ ಪೆಟ್ರೋಲು ಚೆಲ್ಲಿ ಹೊಸದು ಹಾಕಿದಳು, ಬ್ಯಾಟರಿಯ ವೈರು ಬಿಗಿದಳು. ಮೆಕ್ಯಾನಿಕ್ಕೂ ಬಂದ. ಆಳು ದಪ್ಪ. ಅವನು ಕೂತ ತಕ್ಷಣ ಗಾಡಿ ಎದ್ದಿತು. "ಏನೂ ಆಗಿಲ್ಲಮ್ಮ" ಎಂದು ಕೈ ಒರೆಸಿಕೊಂಡು ಹೋದ. ಹನ್ನೊಂದಕ್ಕೆ ಮೈದಾನದ ಮ್ಯಾನೇಜರ್ ಬರುವವನಿದ್ದ. ಅವನ ಕಣ್ಣೆದುರು ಅವಳೊಬ್ಬಳೇ ಗಾಡಿ ಎಬ್ಬಿಸಿ ಒಂದು ಸುತ್ತು ಹುಲ್ಲು ಹೊಡೆದರೆ ಕೆಲಸ ಅವಳದು, ಇಲ್ಲದಿದ್ದರೆ ಹೊರಗಿನವರದು.

"ನನ್ನ ಮಾತು ಕೇಳು," ಎಂದ ಭಾವ, ಆಪರೇಷನ್ ಆದ ಮಂಡಿ ನೀವಿಕೊಳ್ಳುತ್ತ. "ನಾನೇ ಇನ್ನೊಂದು ವರ್ಷ ಓಡಿಸ್ತೀನಿ ಅಂತ ಮ್ಯಾನೇಜರ್‌ಗೆ ಹೇಳ್ತೀನಿ. ನೀನು ಮೈದಾನಕ್ಕೆ ಸುಣ್ಣದ ಗೆರೆ ಹಾಕ್ಕೊಂಡಿರು. ಈ ಕೆಲಸಕ್ಕೆ ನಿನ್ನ ಹೆಸರು ಹೇಳಿದವನೇ ನಾನಲ್ವಾ?"

"ಪೆಡಲ್ ತುಳಿದ್ರೆ ಕಾಲೇ ಹೋಗುತ್ತೆ ಅಂತ ಡಾಕ್ಟರು ಹೇಳಿದ್ದು ನಿಮಗಾ, ನನಗಾ? ಒಂದು ಸಲ ಹತ್ತಿ ಕೂತ್ಕೊಳ್ಳಿ. ಕೀ ಮುಟ್ಟಬೇಡಿ."

ಭಾವ ಕೂತ. ಇಳಿಸಿದಳು. ಮತ್ತೆ ಕೂರಿಸಿದಳು. "ನೋಡು, ಚೆನ್ನಾಗಿ ನೋಡು," ಎಂದು ಭಾವ ತನ್ನ ಕೈಯನ್ನು ಗಾಳಿಯಲ್ಲಿ ತಿರುಗಿಸಿ ತೋರಿಸಿದ. ಅವಳು ಕೈ ನೋಡುತ್ತಿರಲಿಲ್ಲ, ಕುಕ್ಕರಗಾಲಲ್ಲಿ ಕೂತು ಸೀಟಿನ ಅಡಿಗೆ ಕಿವಿ ಕೊಟ್ಟಿದ್ದಳು. ಭಾವ ಕೂತಾಗಲೆಲ್ಲ ಅಲ್ಲೇನೋ ಕಟಕ್ ಎನ್ನುತ್ತಿತ್ತು. ತಾನು ಕೂತು ಕೇಳಿದಳು. ಸದ್ದಿಲ್ಲ.

ಸೀಟಿಗೆ ಅಕ್ಕ ಹೊಲಿದುಕೊಟ್ಟ ಹೊದಿಕೆ. ಕಟ್ಟಿದ ದಾರಗಳು ಕಗ್ಗಂಟಾಗಿದ್ದವು. ಅವಳು ಚಾಕು ತೆಗೆದಳು.

"ಏಯ್, ಅದು ನಿಮ್ಮಕ್ಕ ಹೊಲಿದದ್ದು!"

"ಅಕ್ಕನಿಗೆ ನಾನು ಹೇಳ್ಕೋತೀನಿ."

ಸೀಟು ಎತ್ತಿದಳು. ಒಳಗೆ ಬೆರಳಿನಷ್ಟು ದಪ್ಪದ ಸ್ಪ್ರಿಂಗು, ಅದರ ಪಕ್ಕ ಗುಂಡಿಯಂಥ ಸ್ವಿಚ್ಚು. ಸ್ಪ್ರಿಂಗು ಅದುಮಿ ಸೀಟು ಗುಂಡಿಗೆ ತಾಗಿದರೆ ಮಾತ್ರ ಗಾಡಿಗೆ ಜೀವ. ನಲವತ್ತೆರಡು ಕಿಲೋದ ಅವಳಿಗೆ ಆ ಸ್ಪ್ರಿಂಗು ಜಗ್ಗುತ್ತಿರಲಿಲ್ಲ. ಬಾಯಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಮೂರು ದಿನ ಕೈಗೆ ಕೆಟ್ಟ ಹೆಸರು ಹೊತ್ತವಳು ಅವಳು. ಮೂಲೆಯಿಂದ ಗೆರೆ ಹಾಕುವ ಸುಣ್ಣದ ಮೂಟೆ ಎಳೆದು ತಂದು ಸೀಟಿನ ಮೇಲೆ ಕೂರಿಸಿದಳು. ಪಕ್ಕದಲ್ಲಿ ನಿಂತೇ ಕೀ ತಿರುಗಿಸಿದಳು. ಏನೂ ಇಲ್ಲ.

"ಈಗ ಮೂಟೆಗೆ ಡ್ರೈವಿಂಗ್ ಕಲಿಸ್ತೀಯಾ?" ಭಾವ ಹೊಟ್ಟೆ ಕುಣಿಸಿ ನಕ್ಕ.

ಅವಳು ಇನ್ನೊಂದು ಮೂಟೆ ಹೊತ್ತು ತಂದು ಅದರ ಮೇಲೆ ಹೇರಿದಳು. ಕಟಕ್. ಕೀ ತಿರುಗಿಸಿದಳು. ಗಾಡಿ ಒಂದೇ ಏಟಿಗೆ ಎದ್ದು ಶೆಡ್ಡಿನ ತಗಡುಗಳೆಲ್ಲ ನಡುಗಿದವು.

"ನೋಡಿದ್ರಾ ಭಾವ," ಎಂದಳು ಆ ಸದ್ದಿಗಿಂತ ಜೋರಾಗಿ, "ಇಷ್ಟು ವರ್ಷ ಅದಕ್ಕೆ ಗೊತ್ತಿದ್ದದ್ದು ನಿಮ್ಮ ಕೈಯಲ್ಲ, ನಿಮ್ಮ ತೂಕ."

ಭಾವನ ನಗು ಅರ್ಧಕ್ಕೇ ನಿಂತಿತು. ಅವನ ಮೈ ಕೂತು ಕೂತು ಸೀಟಿನಲ್ಲಿ ಮಾಡಿದ್ದ ಹಳ್ಳದಲ್ಲಿ ಸುಣ್ಣದ ಮೂಟೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತ್ತು. ಅದನ್ನೇ ನೋಡುತ್ತ ನಿಂತ. ಆಮೇಲೆ ನೆಲಕ್ಕೆ ಬಿದ್ದಿದ್ದ ಹೊದಿಕೆಯನ್ನು ಎತ್ತಿ, ಧೂಳು ಕೊಡವಿ, ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿಟ್ಟುಕೊಂಡು ಕುಂಟುತ್ತ ಹೊರಟ. ಟೀ ಕುಡಿದು ಬರಬಹುದು ಅಂದುಕೊಂಡಳು ಅವಳು.

ಹನ್ನೊಂದಕ್ಕೆ ಮ್ಯಾನೇಜರ್ ಬಂದಾಗ ಅವಳು ಒಂದು ಮೂಟೆ ಇಳಿಸಿ, ಇನ್ನೊಂದನ್ನು ಬೆನ್ನಿಗಿಟ್ಟುಕೊಂಡು ಮೂರನೇ ಸುತ್ತು ಹೊಡೆಯುತ್ತಿದ್ದಳು. ಅವನು ಕೈ ತಟ್ಟಿ ಗಾಡಿ ನಿಲ್ಲಿಸಿದ.

"ಪರವಾಗಿಲ್ವೇ. ಯಾರ ಹತ್ರ ಕಲಿತೆ?"

"ಭಾವನ ಹತ್ರ."

"ಎಲ್ಲಿ ಅವರು?"

ಅವಳು ತಿರುಗಿ ನೋಡಿದಳು. ಭಾವ ದಾಟಿಹೋದ ಗೇಟು ಹಾರು ಹೊಡೆದಿತ್ತು. ಮೈದಾನದ ನಡುವೆ ಎರಡು ನಾಯಿಗಳು ಆರಾಮಾಗಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದವು.